ಮೇವಿಸ್ ಎಳೆದ ಬಿಳಿ ಗೆರೆ

ಬಾಟಲಿಯ ಮೇಲೆ ಯಾರ ಹೆಸರು ಅಚ್ಚಾಗಿರುತ್ತದೋ ಅವರ ಕೈಗೆ ಆ ಬಾಟಲಿಯ ಭಾರ ಗೊತ್ತಿರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾದ ವಿಷಯವೇ. ಗೊತ್ತಿದ್ದೂ ಮದುವೆಗೋ ಬಡ್ತಿಗೋ ಬಾಟಲಿ ಬಿಚ್ಚುವಾಗ ಲೇಬಲ್ ಓದಿ, ಆಹಾ ಎಂಥ ಮನೆತನ ಎಂದು ತಲೆದೂಗುತ್ತೀರಿ.

ಸಸೆಕ್ಸ್‌ನ ಸುಣ್ಣಕಲ್ಲಿನ ಗುಡ್ಡಕ್ಕೆ ಹಬ್ಬಿರುವ ನಮ್ಮೂರ ದ್ರಾಕ್ಷಿ ತೋಟದ ಲೇಬಲ್ಲಿನಲ್ಲಿ ಹ್ಯಾಲಮ್ ಎಂದಿದೆ. ಕೆಳಗೆ ಸಣ್ಣಕ್ಷರದಲ್ಲಿ ‘ಪ್ರತಿ ಬಾಟಲಿಯೂ ಕೈಯಿಂದ ತಿರುಗಿಸಿದ್ದು’ ಎಂದೂ ಇದೆ. ಯಾರ ಕೈ ಎಂದು ಇಲ್ಲ. ಆ ಕೈ ಮೇವಿಸ್ ಪೆಲಿಂಗ್ ಎಂಬ ಅರವತ್ತೊಂದು ವರ್ಷದ ಹೆಂಗಸಿನದು. ಎಡಗೈ ಮಣಿಕಟ್ಟಿನಲ್ಲಿ ಗೋಲಿಯಷ್ಟು ದೊಡ್ಡ ಗಂಟೊಂದಿದೆ. ಡಾಕ್ಟರು ಅದನ್ನು ಮುಟ್ಟಿ ನೋಡಿ, ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದಾಗ, ‘ಬಾಟಲಿ ತಿರುಗಿಸ್ತೀನಿ’ ಎಂದಳಂತೆ. ಆತ ತಮಾಷೆ ಎಂದುಕೊಂಡು ನಕ್ಕನಂತೆ.

ತಮಾಷೆ ಅಲ್ಲ. ಗುಳ್ಳೆ ವೈನ್ ಬಾಟಲಿಯೊಳಗೇ ಎರಡನೇ ಸಲ ಹುದುಗುತ್ತದೆ. ಹುದುಗಿಸಿದ ಯೀಸ್ಟ್ ತನ್ನ ಕೆಲಸ ಮುಗಿಸಿ ಸತ್ತು, ಗಷ್ಟಾಗಿ ಬಾಟಲಿಯ ಪಕ್ಕಕ್ಕೆ ಅಂಟಿ ಮಲಗಿರುತ್ತದೆ. ಅದನ್ನು ಹಾಗೇ ಬಿಟ್ಟು ಬಡಿಸಿದರೆ ನಿಮ್ಮ ಗ್ಲಾಸಿನಲ್ಲಿ ಅಕ್ಕಿ ತೊಳೆದ ನೀರು. ಆದ್ದರಿಂದ ಬಾಟಲಿಗಳನ್ನು ತೂತು ಕೊರೆದ ಮರದ ಹಲಗೆಗಳಿಗೆ ಕೊರಳು ತೂರಿಸಿ ನಿಲ್ಲಿಸಬೇಕು. ದಿನಕ್ಕೊಂದು ಸಲ ಪ್ರತಿ ಬಾಟಲಿಯನ್ನೂ ಹಿಡಿದು, ತುಸು ಅಲುಗಿಸಿ, ಎಂಟನೇ ಒಂದು ಸುತ್ತು ತಿರುಗಿಸಿ, ಕೂದಲೆಳೆಯಷ್ಟು ತಳ ಎತ್ತಿ ಬಿಡಬೇಕು. ಆರು ವಾರ ಹೀಗೆ ಮಾಡಿದರೆ ಗಷ್ಟು ಜಾರುತ್ತ ಜಾರುತ್ತ ಕೊರಳಿಗೆ ಇಳಿದು ಮುಚ್ಚಳದ ಮೇಲೆ ಕೂರುತ್ತದೆ. ಒಂದೇ ಸಲಕ್ಕೆ ಹೆಚ್ಚು ತಿರುಗಿಸಿದರೆ, ಒಂದು ದಿನ ತಪ್ಪು ದಿಕ್ಕಿಗೆ ತಿರುಗಿಸಿದರೆ, ಮತ್ತೆ ಮೇಲೇಳುತ್ತದೆ.

ಮೂರು ಸಾವಿರದ ಎಂಟುನೂರ ನಲವತ್ತು ಬಾಟಲಿಗಳಲ್ಲಿ ಯಾವುದನ್ನು ಎಷ್ಟು ತಿರುಗಿಸಿದ್ದೇನೆ ಎಂದು ಯಾರ ತಲೆಯಲ್ಲೂ ಉಳಿಯುವುದಿಲ್ಲ. ಅದಕ್ಕೇ ಪ್ರತಿ ಬಾಟಲಿಯ ತಳದಲ್ಲಿ ಒಂದು ಬಿಳಿ ಗೆರೆ. ಗಡಿಯಾರದ ಮುಳ್ಳಿನ ಹಾಗೆ. ಮೇವಿಸ್ ಅದನ್ನು ಕಲಸಿದ ಸುಣ್ಣದಲ್ಲಿ, ಹಳೆಯ ಬ್ರಷ್ಷಿನಲ್ಲಿ ಎಳೆಯುತ್ತಾಳೆ. ಬೆಳಿಗ್ಗೆ ನೆಲಮಾಳಿಗೆಯ ದೀಪ ಹಾಕಿದಾಗ ಎಲ್ಲ ಗೆರೆಗಳೂ ಒಂದೇ ಕಡೆ ಮುಖ ಮಾಡಿದ್ದರೆ ನಿನ್ನೆಯ ಕೆಲಸ ಸರಿಯಿದೆ ಎಂದರ್ಥ. ಹನ್ನೊಂದು ವರ್ಷದ ಹಿಂದೆ ಕಡಲಾಚೆಯಿಂದ ಒಂದು ಚಳಿಗಾಲದ ಮಟ್ಟಿಗೆ ಬಂದಿದ್ದ ಫಿರ್ಮಿನ್ ಎಂಬ ಮುದುಕ ಅವಳಿಗೆ ಇದನ್ನು ಕಲಿಸಿದ್ದು. ಅವನ ಮಾತು ಇವಳಿಗೆ ಬರುತ್ತಿರಲಿಲ್ಲ, ಇವಳ ಮಾತು ಅವನಿಗೆ. ತಪ್ಪಿದಾಗ ಬೆರಳ ಗೆಣ್ಣಿನ ಮೇಲೆ ಬಿರಡೆಯಿಂದ ಒಂದು ಕುಟ್ಟುತ್ತಿದ್ದ, ಅಷ್ಟೆ. ಮಾರ್ಚ್ ಹೊತ್ತಿಗೆ ಅವನು ಕುಟ್ಟುವುದನ್ನು ನಿಲ್ಲಿಸಿದ್ದ.

ಅದಕ್ಕೆ ಮುಂಚೆ ಮೇವಿಸ್ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು, ಆಮೇಲೆ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುತ್ತಿದ್ದಳು. ಅವೆಲ್ಲ ಯಾರಾದರೂ ಮಾಡಬಹುದಾದ ಕೆಲಸ ಎಂದು ಅವಳಿಗೆ ಹೇಳಿಕೊಟ್ಟವರು ಬಹಳ ಮಂದಿ. ಬಾಟಲಿ ತಿರುಗಿಸುವುದು ಹಾಗಲ್ಲ. ಎರಡೂ ಕೈಯಲ್ಲಿ ಒಂದೊಂದು ಹಿಡಿದು ಟಕ್, ಟಕ್, ಟಕ್ ಎಂದು ಸಾಲಿಗೆ ಸಾಲು ಮುಗಿಸುವುದು ಈ ಸುತ್ತಿನ ಏಳು ಊರುಗಳಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಬದುಕಿನಲ್ಲಿ ಮೊದಲ ಸಲ ಒಂದು ಕೆಲಸ ಅವಳದೇ ಆಗಿತ್ತು.

ಜನವರಿಯಲ್ಲಿ ಪಿಯರ್ಸ್ ಹ್ಯಾಲಮ್ ನೆಲಮಾಳಿಗೆಗೆ ಇಳಿದು ಬಂದ. ತೋಟದ ಒಡೆಯ. ಲಂಡನ್ನಿನ ಬ್ಯಾಂಕಿನಿಂದ ಬೇಗ ನಿವೃತ್ತನಾಗಿ, ಕುರಿ ಮೇಯುತ್ತಿದ್ದ ಗುಡ್ಡವನ್ನು ಕೊಂಡವನು. ಒಳ್ಳೆಯವನೇ. ಕ್ರಿಸ್‌ಮಸ್ಸಿಗೆ ಎಲ್ಲರ ಮನೆಗೂ ಒಂದೊಂದು ಬಾಟಲಿ ಕಳಿಸುತ್ತಾನೆ. ಮೊದಲ ದಿನದಿಂದಲೂ ಅವಳನ್ನು ಮೇವಿಸ್ ಎನ್ನುತ್ತಾನೆ, ತನ್ನನ್ನು ಪಿಯರ್ಸ್ ಎನ್ನಿ ಎಂದು ನೂರು ಸಲ ಹೇಳಿದ್ದಾನೆ. ಅವಳ ಬಾಯಿಗೆ ಬರುವುದು ಮಿಸ್ಟರ್ ಹ್ಯಾಲಮ್ ಎಂದೇ.

‘ಮೇವಿಸ್, ನಿಮ್ಮ ಹತ್ರ ಮುಚ್ಚುಮರೆ ಯಾಕೆ’ ಎಂದ. ‘ಬಾಟಲಿ ತಿರುಗಿಸೋ ಯಂತ್ರ ಬಂದಿದೆ. ಐನೂರು ಬಾಟಲಿ ಒಟ್ಟಿಗೆ ಪಂಜರದಲ್ಲಿಟ್ಟು ತಾನೇ ತಿರುಗಿಸುತ್ತೆ. ಒಂದೇ ವಾರ.’

‘ಕೇಳಿದೀನಿ, ಮಿಸ್ಟರ್ ಹ್ಯಾಲಮ್.’

‘ನನಗೆ ಹಲಗೆ ಅಂದ್ರೇನೇ ಪ್ರೀತಿ. ಆದ್ರೆ ಹೋದ ವರ್ಷ ನೂರಕ್ಕೆ ಮೂರು ಬಾಟಲಿ ಮೋಡ ಮೋಡ ಇತ್ತಲ್ಲ. ಈ ಬೇಸಿಗೇಲಿ ಲಾರಿ ಬರೋ ಹೊತ್ತಿಗೆ ಈ ಬಾಟಲಿಗಳೆಲ್ಲಾ ತಿಳಿಯಾಗಿದ್ರೆ ಹಲಗೆ ಇರುತ್ತೆ, ನೀವೂ ಇರ್ತೀರಿ. ಯಂತ್ರದ ಮಾತು ನಾನು ಮತ್ತೆ ಎತ್ತಲ್ಲ.’

ಲಾರಿ ಎಂದರೆ ಗಷ್ಟು ತೆಗೆಯುವ ಲಾರಿ. ನಮ್ಮಂಥ ಸಣ್ಣ ತೋಟಗಳಿಗೆ ಆ ಸಲಕರಣೆ ಕೊಳ್ಳುವ ಶಕ್ತಿಯಿಲ್ಲ. ಅದು ಲಾರಿಯ ಮೇಲೆ ಕೂತು ತೋಟದಿಂದ ತೋಟಕ್ಕೆ ಬರುತ್ತದೆ, ಬಾಟಲಿಯ ಕೊರಳನ್ನು ಹೆಪ್ಪುಗಟ್ಟಿಸಿ, ಮುಚ್ಚಳ ಹಾರಿಸಿ, ಗಷ್ಟನ್ನು ಮಂಜಿನ ಬಿಲ್ಲೆಯಾಗಿ ಉಗುಳಿಸಿ, ಬಿರಡೆ ಜಡಿದು ಹೋಗುತ್ತದೆ. ನಮ್ಮ ದಿನ ಜೂನ್ ಇಪ್ಪತ್ತಾರು. ತಪ್ಪಿದರೆ ಮುಂದಿನ ವರ್ಷ.

ಮೇವಿಸ್ ಮೇ ಎರಡನೇ ವಾರ ಶುರು ಮಾಡಿದಳು. ಭಾನುವಾರವೂ ಬಿಡಲಿಲ್ಲ. ಜೂನ್ ಮೊದಲ ವಾರಕ್ಕೆ ಗಷ್ಟು ಮುಕ್ಕಾಲು ದಾರಿ ಇಳಿದಿತ್ತು. ಬಲ್ಬಿನ ಮುಂದೆ ಹಿಡಿದರೆ ಬೂದು ಬಣ್ಣದ ಬಾಲದಂತೆ ಕಾಣುತ್ತಿತ್ತು.

ಆಗ ಬಂತು ತೋಟದ ತೆರೆದ ದಿನ. ಲಂಡನ್ನಿನಿಂದ, ಬ್ರೈಟನ್ನಿನಿಂದ ಜನ ಬಂದು, ಬಳ್ಳಿ ನೋಡಿ, ನೆಲಮಾಳಿಗೆ ನೋಡಿ, ಚೀಸ್ ತಿಂದು, ಗುಳ್ಳೆ ಕುಡಿದು ಹೋಗುವ ಶನಿವಾರ. ಪತ್ರಿಕೆಯೊಂದರ ಫೋಟೋದವನೂ ಬರುವವನಿದ್ದ. ಶುಕ್ರವಾರ ಸಂಜೆ ಹ್ಯಾಲಮ್ ಫೋನ್ ಮಾಡಿದ.

‘ನಾಳೆ ನೀವು ಆರಾಮ ತಗೊಳ್ಳಿ ಮೇವಿಸ್. ಒಂದು ದಿನದಲ್ಲಿ ಏನಾಗುತ್ತೆ.’

ಫೋನಿಟ್ಟು ಅವಳು ಗಂಡನ ಮುಖ ನೋಡಿದಳು. ಲೆನ್ ಮೂವತ್ತು ವರ್ಷ ಪುರಸಭೆಯ ಕಸದ ಲಾರಿ ಓಡಿಸಿದವನು. ಯಾರ ಮನೆಯಲ್ಲಿ ಎಷ್ಟು ಬಾಟಲಿ ಖಾಲಿಯಾಗುತ್ತದೆ ಎಂದು ಪಾದ್ರಿಗಿಂತ ಚೆನ್ನಾಗಿ ಬಲ್ಲ.

‘ನಿನ್ನನ್ನ ಬರಬೇಡ ಅಂದ್ರಾ?’

‘ಆರಾಮ ತಗೊಳ್ಳಿ ಅಂದ್ರು.’

‘ಅದೇ ಕಣೇ. ಮದುವೆ ಮನೇಲಿ ಅಡುಗೆಯವರನ್ನ ಹಿಂಬಾಗಿಲಿಂದ ಕಳಿಸ್ತಾರಲ್ಲ, ಆ ಥರ. ಫೋಟೋದಲ್ಲಿ ನಿನ್ನ ಏಪ್ರನ್ ಬರಬಾರದಲ್ಲ.’

‘ಸುಮ್ನಿರೋ. ಹಗ್ಗ ಕಟ್ಟಿ ದೂರದಿಂದ ತೋರಿಸ್ತಾರೆ. ಯಾರೂ ಮುಟ್ಟಲ್ಲ.’

‘ಹಗ್ಗ ಕಟ್ಟಿ ಅಂತ ನೀನು ಹೇಳಿದ್ಯಾ?’

ಅವಳು ಹೇಳಿರಲಿಲ್ಲ. ಅದೂ ಹೇಳಬೇಕಾದ ಮಾತೇ ಎಂದು ಅವಳಿಗೆ ತೋಚಿರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೇವಿಸ್ ನೆಲಮಾಳಿಗೆಯ ದೀಪ ಹಾಕಿದಳು. ಮೊದಲು ಮೂಗಿಗೆ ಬಡಿದದ್ದು ವಿನೆಗರ್ ವಾಸನೆ. ಆಮೇಲೆ ಕಣ್ಣಿಗೆ ಬಿದ್ದದ್ದು ಹೊಳಪು. ಮೂವತ್ತೆರಡು ಜೋಡಿ ಹಲಗೆಗಳಲ್ಲಿ ಮೂರು ಸಾವಿರದ ಎಂಟುನೂರ ನಲವತ್ತು ಬಾಟಲಿಗಳ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದರ ಮೇಲೂ ಬಿಳಿ ಗೆರೆ ಇರಲಿಲ್ಲ.

ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹ್ಯಾಲಮ್, ಅವನ ಹಿಂದೆ ಹೆಂಡತಿ ಹೆಟಿ, ಕೈಯಲ್ಲಿ ಕಾಫಿ.

‘ಹೇಗಿದೆ ಮೇವಿಸ್?’ ಎಂದಳು ಹೆಟಿ. ‘ಶುಕ್ರವಾರ ಸಂಜೆ ನಾನೂ ನನ್ನ ತಂಗಿಯೂ ಕೂತು ವಿನೆಗರ್ ಹಾಕಿ ಒಂದೊಂದನ್ನೂ ಒರೆಸಿದ್ವಿ. ಎಷ್ಟು ಕೊಳೆ ಇತ್ತು ಅಂತೀರಿ. ಹಲಗೆ ಮೇಲೆ ಹಕ್ಕಿ ಕೂತಿತ್ತೇನೋ ಅನ್ನಿಸ್ತು. ಫೋಟೋದವನು ಬೆಳಕು ಚೆನ್ನಾಗಿ ಬರ್ತಿದೆ ಅಂತ ಕುಣಿದಾಡಿಬಿಟ್ಟ.’

‘ಅದು ಕೊಳೆ ಅಲ್ಲ, ಮಿಸೆಸ್ ಹ್ಯಾಲಮ್. ಗೆರೆ.’

‘ಹೌದಾ? ಮತ್ತೆ ಎಳ್ಕೋಬಹುದಲ್ವಾ?’

ಮೇವಿಸ್ ಒಂದು ಬಾಟಲಿಯನ್ನು ಎತ್ತಿ ಬಲ್ಬಿನ ಮುಂದೆ ಹಿಡಿದಳು. ಒಳಗೆ ಹಾಲು. ಗಷ್ಟೆಲ್ಲ ಎದ್ದು ಸುತ್ತುತ್ತಿತ್ತು. ಒರೆಸಿದ್ದರಿಂದಷ್ಟೇ ಇಷ್ಟು ಕದಡುವುದಿಲ್ಲ.

‘ಇದನ್ನ ಯಾರಾದ್ರೂ ಅಲ್ಲಾಡಿಸಿದ್ರಾ?’

‘ಓ, ಅದಾ!’ ಹ್ಯಾಲಮ್ ನಕ್ಕ. ‘ಬಂದೋರೆಲ್ಲಾ ಒಂದೊಂದು ಕೈ ನೋಡಿದ್ರು. ಅವರಿಗೆ ತುಂಬಾ ಖುಷಿ ಆಯ್ತು. ಆಚೆ ಈಚೆ ಹತ್ತಿಪ್ಪತ್ತು ಬಾಟಲಿ ಇರಬಹುದು. ಹೆಚ್ಚಂದ್ರೆ ಇನ್ನೂರು.’

ಯೋಚಿಸಿ ನೋಡಿ. ಗೆರೆ ಇದ್ದಿದ್ದರೆ, ಇನ್ನೂರು ಬಾಟಲಿಗಳ ಮುಳ್ಳು ಅಡ್ಡಾದಿಡ್ಡಿಯಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆ ಇನ್ನೂರನ್ನು ಬದಿಗಿಟ್ಟು ಉಳಿದದ್ದನ್ನು ಎಂದಿನಂತೆ ನಡೆಸಬಹುದಿತ್ತು. ಗೆರೆ ಅಳಿಸಿದ್ದಷ್ಟೇ ಆಗಿದ್ದರೂ ಹೇಗೋ ಸಂಭಾಳಿಸಬಹುದಿತ್ತು. ಗೆರೆಯನ್ನೂ ಅಳಿಸಿ, ಜನರ ಕೈಗೂ ಕೊಟ್ಟಿದ್ದಾರೆ. ಈಗ ಯಾವುದನ್ನು ಮುಟ್ಟಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಹೇಳುವವರು ಯಾರು? ಪ್ರತಿ ಬಾಟಲಿಯೂ ಅನುಮಾನದ ಬಾಟಲಿ.

ಇದೆಲ್ಲ ಮೇವಿಸ್‌ಳ ತಲೆಯಲ್ಲಿ ಒಂದೇ ಕ್ಷಣದಲ್ಲಿ ಹಾದುಹೋಯಿತು. ಹೆಟಿ ಅವಳ ಮುಖವನ್ನೇ ನೋಡುತ್ತಿದ್ದಳು.

‘ತೊಂದರೆ ಏನೂ ಆಗಿಲ್ಲ ತಾನೆ, ಮೇವಿಸ್?’

‘ಪರವಾಗಿಲ್ಲ ಬಿಡಿ’ ಎಂದಳು ಮೇವಿಸ್.

ನಮ್ಮ ಜನವೇ ಹೀಗೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ತಣ್ಣಗಿನ ಸೂಪು ಬಂದರೆ ಚೆನ್ನಾಗಿದೆ ಎಂದು ಮುಗಿಸುತ್ತಾರೆ. ಗಲಾಟೆ ಮಾಡಬಾರದು ಎಂದು ತಾಯಿ ಹಾಲಿನ ಜೊತೆಗೇ ಕುಡಿಸಿರುತ್ತಾಳೆ. ಆ ಗುಣವನ್ನು ಸಭ್ಯತೆ ಎಂದು ಹೊಗಳಿಕೊಳ್ಳುತ್ತೇವೆ. ಅದರ ಲಾಭ ಯಾವಾಗಲೂ ತುಳಿದವನಿಗೇ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಆಡುವುದಿಲ್ಲ.

ಮಾತು ತಿದ್ದಲು ಅವಳು ಒಂದು ಪ್ರಯತ್ನ ಮಾಡಿದಳು, ಅದೂ ನಮ್ಮ ಜನದ ರೀತಿಯಲ್ಲೇ. ‘ಲಾರಿ ಏನಾದ್ರೂ ಸ್ವಲ್ಪ ತಡವಾಗಿ ಬಂದ್ರೆ ಚೆನ್ನಾಗಿರ್ತಿತ್ತೇನೋ’ ಎಂದಳು.

‘ತಡ ಆಗಲ್ಲ ಬಿಡಿ, ಅವರು ಬಹಳ ಶಿಸ್ತಿನವರು’ ಎಂದು ಅವಳನ್ನೇ ಸಮಾಧಾನ ಮಾಡಿ ಹ್ಯಾಲಮ್ ಮೇಲೆ ಹೋದ.

ಅಲ್ಲಿಂದ ಮುಂದೆ ಹತ್ತೊಂಬತ್ತು ದಿನ. ಲೆನ್ ಬೈಯುತ್ತಲೇ ಬಂದ. ಅವಳು ಒಂದೊಂದೇ ಬಾಟಲಿಯನ್ನು ಬಲ್ಬಿನ ಮುಂದೆ ಹಿಡಿದು ಗಷ್ಟಿನ ಬಾಲ ಎಲ್ಲಿದೆ ಎಂದು ಹುಡುಕಿ, ಅದು ಕೆಳಗೆ ಬರುವಂತೆ ತಿರುಗಿಸಿ, ಲೆನ್ ಕೈಗೆ ಕೊಡುವುದು. ಲೆನ್ ತಳಕ್ಕೆ ಸುಣ್ಣದ ಗೆರೆ ಎಳೆದು ಹಲಗೆಗೆ ಸೇರಿಸುವುದು. ಅಷ್ಟಕ್ಕೇ ನಾಲ್ಕು ದಿನ ಹಿಡಿಯಿತು. ಹಾಲಾಗಿದ್ದವನ್ನು ಬೇರೆ ಹಲಗೆಯಲ್ಲಿ ಮಲಗಿಸಿ ತಿಳಿಯಾಗಲು ಬಿಟ್ಟರು.

‘ನೀನು ಅವರಿಗೆ ಏನಂದೆ?’ ಎಂದು ಲೆನ್ ಎರಡನೇ ದಿನ ಕೇಳಿದ.

‘ಏನಂದೆ ಅಂದ್ರೆ?’

‘ಆವತ್ತು. ಕೆಡಿಸಿಟ್ಟಿದೀವಿ ಅಂತ ಅವರಿಗೆ ಗೊತ್ತಾ?’

ಅವಳು ಬಾಟಲಿಯನ್ನು ಬಲ್ಬಿಗೆ ಹಿಡಿದಳು.

‘ಪರವಾಗಿಲ್ಲ ಅಂದ್ಯಾ?’ ಲೆನ್ ಬ್ರಷ್ ಕೆಳಗಿಟ್ಟ. ‘ಅಯ್ಯೋ ನಿನ್ನ. ನನ್ನ ಮೇಲೆ ಹಾರಾಡ್ತೀಯಲ್ಲ, ಬೂಟು ಬಿಚ್ಚದೆ ಒಳಗೆ ಬಂದೆ ಅಂತ. ಆ ಬಾಯಿ ಎಲ್ಲಿ ಹೋಗಿತ್ತು?’

‘ಕೆಲಸ ಮಾಡೋಕ್ ಬಂದ್ಯೋ ಭಾಷಣ ಮಾಡೋಕೋ?’

‘ಎರಡೂ ಬಿಟ್ಟಿಯಾಗೇ ಮಾಡ್ತಿದೀನಿ.’

ದಿನಕ್ಕೆ ಒಂದು ಸಲ ತಿರುಗಿಸುವ ಬಾಟಲಿಯನ್ನು ಅವಳು ಎರಡು ಸಲ ತಿರುಗಿಸಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಚಹಾ ಹೊತ್ತಿಗೆ ಒಮ್ಮೆ. ಮಣಿಕಟ್ಟಿನ ಗಂಟು ಬಾತುಕೊಂಡು ಕೆಂಪಾಯಿತು. ಹೆಪ್ಪುಗಟ್ಟಿಸಿದ ಬಟಾಣಿ ಪೊಟ್ಟಣವನ್ನು ಅದರ ಮೇಲಿಟ್ಟು ಟೀವಿ ಮುಂದೆ ಕೂರುತ್ತಿದ್ದಳು. ಹ್ಯಾಲಮ್ ಎರಡು ಸಲ ಇಳಿದು ಬಂದು, ‘ಎಲ್ಲಾ ಸರಿಯಿದೆ ತಾನೆ?’ ಎಂದ. ಎರಡು ಸಲವೂ ಅವಳು, ‘ನಡೀತಿದೆ’ ಎಂದಳು.

ಜೂನ್ ಇಪ್ಪತ್ತಾರರಂದು ಲಾರಿ ಎಂಟಕ್ಕೆ ಸರಿಯಾಗಿ ಬಂತು. ಲಾರಿಯವನು ಸಾಲಾಗಿ ಮುಚ್ಚಳ ಹಾರಿಸುತ್ತ ಹೋದ, ಪಟ್, ಪಟ್, ಪಟ್. ಮಂಜಿನ ಬಿಲ್ಲೆಗಳು ಬಕೆಟ್ಟಿಗೆ ಬಿದ್ದವು. ದೀಪದ ಮುಂದೆ ಹಾದುಹೋದ ಬಾಟಲಿಗಳಲ್ಲಿ ಬಹುಪಾಲು ಚಿನ್ನದ ನೀರಿನಂತಿದ್ದವು. ನಡುನಡುವೆ ಒಂದೊಂದು ಮಬ್ಬು. ಆಗ ಅವನು ‘ಮೋಡ’ ಎಂದು ಕೂಗಿ ಪಕ್ಕಕ್ಕಿಡುತ್ತಿದ್ದ. ಸಂಜೆ ಹೊತ್ತಿಗೆ ಪಕ್ಕಕ್ಕಿಟ್ಟದ್ದು ಇನ್ನೂರ ಹನ್ನೊಂದು. ಕದಡಿದ ಮಾಲನ್ನು ಹತ್ತೊಂಬತ್ತು ದಿನದಲ್ಲಿ ಈ ಮಟ್ಟಕ್ಕೆ ತಂದದ್ದನ್ನು ಫಿರ್ಮಿನ್ ನೋಡಿದ್ದರೆ ತಲೆಯ ಮೇಲಿನ ಟೋಪಿ ತೆಗೆಯುತ್ತಿದ್ದ. ಲಾರಿಯವನಿಗೆ ಆ ಕಥೆ ಗೊತ್ತಿರಲಿಲ್ಲ. ಅವನು ಹೇಳಿದ್ದು, ‘ಯಂತ್ರ ಇರೋ ಕಡೆ ಇಷ್ಟು ಮೋಡ ಬರಲ್ಲ ಸಾರ್’ ಎಂದು.

ಮರುದಿನ ಹ್ಯಾಲಮ್ ಅವಳನ್ನು ಮನೆಯೊಳಗೆ ಕರೆದು ಬಿಸ್ಕತ್ತು ಕೊಟ್ಟ. ಬಿಸ್ಕತ್ತು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

‘ನೂರಕ್ಕೆ ಐದಕ್ಕಿಂತ ಜಾಸ್ತಿ ಮೇವಿಸ್. ಹೋದ ವರ್ಷಕ್ಕಿಂತ ಹೆಚ್ಚು. ನನಗೂ ಬೇಜಾರೇ.’

‘ತೆರೆದ ದಿನ ಆ ಬಾಟಲಿಗಳನ್ನ...’ ಎಂದು ಅವಳು ಶುರು ಮಾಡಿದಳು.

‘ಎಲ್ಲಾ ಸರಿಯಿದೆ ತಾನೆ ಅಂತ ನಾನೇ ಎರಡು ಸಲ ಕೇಳಿದ್ನಲ್ಲ. ಹೆಟಿ ಕೂಡ ಕೇಳಿದಳು, ತೊಂದರೆ ಆಯ್ತಾ ಅಂತ.’ ಅವನ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ‘ಪರವಾಗಿಲ್ಲ ಬಿಡಿ ಅಂತ ನೀವೇ ಅಂದ್ರಲ್ಲ ಮೇವಿಸ್.’

ಅವಳು ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮಾತನ್ನೇ ಅವಳ ಕೈಗಿಟ್ಟಿದ್ದ.

ಜುಲೈನಲ್ಲಿ ಯಂತ್ರ ಬಂತು. ಹಲಗೆಗಳನ್ನು ಸುಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ನಾಲ್ಕು ಜೋಡಿಯನ್ನು ಮೇಣ ಹಚ್ಚಿ ಅತಿಥಿಗಳ ಕೋಣೆಯಲ್ಲಿ ನಿಲ್ಲಿಸಿ, ಖಾಲಿ ಬಾಟಲಿ ತುಂಬಿಸಿದರು. ಬಂದವರು ತಿರುಗಿಸಿ ಖುಷಿಪಡಲಿ ಎಂದು. ಪಕ್ಕದ ಗೋಡೆಯ ಮೇಲೆ ಪತ್ರಿಕೆಯ ಫೋಟೋ: ಹೊಳೆಯುವ ತಳಗಳ ಸಾಲು, ಒಂದರ ಮೇಲೆ ಹೆಟಿಯ ಬಿಳಿಯ ಕೈ. ಲೇಬಲ್ಲಿನ ಸಣ್ಣಕ್ಷರವನ್ನು ಮಾತ್ರ ಬದಲಿಸಲಿಲ್ಲ. ಅಚ್ಚು ಹಾಕಿಸಿದ ಲೇಬಲ್ ಇನ್ನೂ ಬಹಳ ಉಳಿದಿದೆಯಂತೆ.

ಹ್ಯಾಲಮ್ ಅವಳ ಮನೆಗೇ ಬಂದು ಕೇಳಿದ. ಆಗಸ್ಟಿನ ತೆರೆದ ದಿನ ಹಲಗೆಯ ಪಕ್ಕ ನಿಂತು ಜನರಿಗೆ ತಿರುಗಿಸುವುದನ್ನು ತೋರಿಸಿಕೊಡಬಹುದಾ ಎಂದು. ‘ಆ ಹಳೇ ಏಪ್ರನ್ ಹಾಕ್ಕೊಂಡು ಬನ್ನಿ, ಚೆನ್ನಾಗಿರುತ್ತೆ’ ಎಂದ.

ಅವನು ಹೋದ ಮೇಲೆ ಲೆನ್ ಅಂದ, ‘ಆವಾಗ ಏಪ್ರನ್ ಬೇಡವಾಗಿತ್ತು. ಈಗ ಬೇಕಂತೆ. ಹೋಗ್ತೀಯಾ?’

‘ಹೋಗ್ತೀನಿ.’

‘ಖಾಲಿ ಬಾಟಲಿ ತಿರುಗಿಸೋಕಾ?’

‘ಒಂದು ಮಾತು ವಾಪಸ್ ತಗೊಳ್ಳೋದಿದೆ.’

ಆ ಶನಿವಾರ ನಲವತ್ತು ಜನ ಬಂದಿದ್ದರು. ಹ್ಯಾಲಮ್ ಅವಳ ಹೆಗಲ ಮೇಲೆ ಕೈಯಿಟ್ಟು, ‘ಇವರು ನಮ್ಮ ಮೇವಿಸ್. ಹನ್ನೊಂದು ವರ್ಷ ನಮ್ಮ ಪ್ರತಿ ಬಾಟಲಿಯನ್ನೂ ಇವರೇ ತಿರುಗಿಸಿದ್ದು’ ಎಂದು ಪರಿಚಯಿಸಿದ. ಜನ ಚಪ್ಪಾಳೆ ತಟ್ಟಿದರು. ಮೇವಿಸ್ ಏಪ್ರನ್ ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, ಒಂದು ಖಾಲಿ ಬಾಟಲಿಯ ತಳಕ್ಕೆ ಗೆರೆ ಎಳೆದು, ಎಲ್ಲರಿಗೂ ಕಾಣುವಂತೆ ಹಿಡಿದಳು.

‘ಇದನ್ನ ಜೂನಲ್ಲಿ ಒರೆಸಿಬಿಟ್ರು’ ಎಂದಳು. ‘ಆಮೇಲೆ ಬಂದೋರ ಕೈಗೆ ಕೊಟ್ಟು ಅಲ್ಲಾಡಿಸಿದ್ರು. ತೊಂದರೆ ಆಯ್ತಾ ಅಂತ ಮಿಸೆಸ್ ಹ್ಯಾಲಮ್ ನನ್ನ ಕೇಳಿದ್ರು. ನಾನು ಪರವಾಗಿಲ್ಲ ಅಂದೆ. ಅದು ಸುಳ್ಳು. ನನ್ನ ಕೆಲಸ ಕೆಟ್ಟುಹೋಗಿತ್ತು. ಆ ಇನ್ನೂರ ಹನ್ನೊಂದು ಬಾಟಲಿ ಮೋಡ ಆಗಿದ್ದು ನನ್ನ ಕೈಯಿಂದ ಅಲ್ಲ, ಪಿಯರ್ಸ್.’

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ಹೆಸರು ಹಿಡಿದು ಕರೆದದ್ದು. ಅವನು ಅವಳ ಹೆಗಲ ಮೇಲಿಂದ ಕೈ ತೆಗೆದ. ನಲವತ್ತು ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಹಸಿರು ಕೋಟಿನವನೊಬ್ಬ, ‘ಜೂನಲ್ಲಿ ನಾನೂ ಒಂದು ತಿರುಗಿಸಿದ್ದೆ’ ಎಂದು ಯಾರಿಗೂ ಅಲ್ಲದಂತೆ ಹೇಳಿ ತನ್ನ ಅಂಗೈ ನೋಡಿಕೊಂಡ.

‘ಚೀಸ್ ಆ ಕಡೆ ಇಟ್ಟಿದೀವಿ’ ಎಂದಳು ಹೆಟಿ. ‘ಎಲ್ರೂ ಬನ್ನಿ, ಬಿಸಿಲಿಗೆ ಕರಗಿಬಿಡುತ್ತೆ.’

ಹಸಿರು ಕೋಟಿನವನೂ ಹೋದ.

ಗೇಟಿನ ಹೊರಗೆ ಲೆನ್ ಕಾರಿನಲ್ಲಿ ಕಾಯುತ್ತಿದ್ದ.

‘ಹೇಳಿದ್ಯಾ?’

‘ಹೇಳಿದೆ.’

‘ಏನಂದ್ರು?’

‘ಚೀಸ್ ತಿಂದ್ರು.’

ಲೆನ್ ಕಾರು ತಿರುಗಿಸಿದ. ಅವಳು ಮಣಿಕಟ್ಟಿನ ಗಂಟನ್ನು ಹೆಬ್ಬೆರಳಿನಿಂದ ಒತ್ತುತ್ತ ಕೂತಿದ್ದಳು. ಈಗ ಅವಳು ಮತ್ತೆ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುತ್ತಾಳೆ. ಯಂತ್ರ ನೆಲಮಾಳಿಗೆಯಲ್ಲಿ ತನ್ನ ಪಾಡಿಗೆ ತಿರುಗುತ್ತಿದೆ, ಅದಕ್ಕೆ ಯಾರ ಹತ್ತಿರವೂ ಪರವಾಗಿಲ್ಲ ಎನ್ನುವ ಗರಜಿಲ್ಲ. ಹನ್ನೊಂದು ವಾರ ತಡವಾಗಿ ಆಡಿದ ಮಾತು ಹಲಗೆಯನ್ನು ವಾಪಸ್ ತರಲಿಲ್ಲ. ಆವತ್ತೇ, ಆ ಭಾನುವಾರ ಬೆಳಿಗ್ಗೆಯೇ, ವಿನೆಗರ್ ವಾಸನೆ ಆರುವ ಮುಂಚೆಯೇ ಆಡಿದ್ದರೆ ಲಾರಿಯನ್ನು ಬೇಡವೆಂದು ಕಳಿಸಬಹುದಿತ್ತು, ಅಥವಾ ಕೆಟ್ಟದ್ದು ಯಾರಿಂದ ಎಂಬುದಾದರೂ ಎಲ್ಲರಿಗೂ ಗೊತ್ತಿರುತ್ತಿತ್ತು.

ನೀವೂ ಈ ವಾರ ಯಾರಿಗೋ ಆ ಮಾತು ಅಂದಿದ್ದೀರಿ. ನಿಮ್ಮ ಕೆಲಸ ಕೆಡಿಸಿದವರಿಗೆ, ನಗುತ್ತ ಕೇಳಿದವರಿಗೆ, ಕೈಯಲ್ಲಿ ಕಾಫಿ ಹಿಡಿದು ನಿಂತವರಿಗೆ. ಯಾರಿಗೆ ಎಂದು ನಿಮಗೆ ಗೊತ್ತು. ಈ ಹಾಳೆ ಮಡಚಿಡಿ. ಎದ್ದು ಹೋಗಿ, ಆ ಮಾತನ್ನು ವಾಪಸ್ ತೆಗೆದುಕೊಳ್ಳಿ.